ಮಗ ಕೆಳತುಟಿ ಕಚ್ಚಿಕೊಳ್ಳೋದು ನಿಲ್ಲುತ್ತಿಲ್ಲ, ಗಾಯ ಮಾಯುತ್ತಿಲ್ಲ. ಬೆಂಗಳೂರಲ್ಲಿ ಯಾರಿಗಾದರೂ ಹೀಗಾಗಿದೆಯಾ?

ರಾಜಾಜಿನಗರದ ಅಮ್ಮ
ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮಗನಿಗೆ 11 ವರ್ಷ. ಆಟಿಸಂ ಇದೆ, ಮಾತಿಲ್ಲ. ಏನಾದರೂ ಬೇಕಾದರೆ ಕೈ ಹಿಡಿದು ಎಳೆಯುತ್ತಾನೆ, ಬೇಡವಾದರೆ ತಳ್ಳುತ್ತಾನೆ. ಅಷ್ಟೇ ನಮ್ಮಿಬ್ಬರ ಭಾಷೆ. ಐದು ವಾರದಿಂದ ಕೆಳತುಟಿಯ ಬಲಗಡೆ ಕಚ್ಚಿಕೊಳ್ಳುತ್ತಿದ್ದಾನೆ. ಮೊದಲು ತುಟಿ ಒಣಗಿದೆ ಅಂದುಕೊಂಡು ತುಪ್ಪ ಹಚ್ಚಿದೆ. ಈಗ ಅಲ್ಲೊಂದು ಸಣ್ಣ ಹಳ್ಳವೇ ಬಿದ್ದಿದೆ. ಹಕ್ಕಳೆ ಕಟ್ಟುತ್ತೆ, ಮತ್ತೆ ಕಚ್ಚುತ್ತಾನೆ, ಮತ್ತೆ ರಕ್ತ. ದಿಂಬಿನ ಕವರ್ ದಿನಾ ಬದಲಾಯಿಸುತ್ತಿದ್ದೇನೆ. ನಿನ್ನೆಯಿಂದ ಗಾಯದ ಮೇಲೆ ಹಳದಿ ಪೊರೆ ಥರ ಕಾಣುತ್ತಿದೆ. ಕೀವಾ ಅಂತ ಭಯ.

ಹತ್ತಿರದ ಒಂದು ಹಲ್ಲಿನ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆವು. ಕುರ್ಚಿ ನೋಡಿದ್ದೇ ಕಿರುಚಿದ. ಡಾಕ್ಟರ್ ಬಾಗಿಲ ಹತ್ತಿರ ನಿಂತೇ, "ಇಂಥ ಮಕ್ಕಳಲ್ಲಿ ಇದು ಇದ್ದದ್ದೇ, ಬಿಹೇವಿಯರ್" ಅಂದು ಒಂದು ಆಂಟಿಬಯೋಟಿಕ್ ಬರೆದು ಕಳಿಸಿದರು. ಬಾಯಿ ತೆರೆಸಿ ನೋಡಲೇ ಇಲ್ಲ. ಐದು ದಿನ ಕೊಟ್ಟೆ, ಏನೂ ಫರಕ್ ಆಗಲಿಲ್ಲ. ಮುಂದೇನು ಮಾಡಲಿ?

ಬಸವನಗುಡಿ ಬಳಗ
ಅರಿಶಿನ, ಜೇನುತುಪ್ಪ ಕಲಸಿ ಹಚ್ಚಿ. ಕಚ್ಚೋ ಜಾಗಕ್ಕೆ ಬೇವಿನೆಣ್ಣೆ ಸವರಿ, ಕಹಿಗೆ ತಾನೇ ಬಿಡ್ತಾನೆ. ಹೆಬ್ಬೆರಳು ಚೀಪೋ ಅಭ್ಯಾಸವನ್ನ ನಮ್ಮಮ್ಮ ಹೀಗೇ ಬಿಡಿಸಿದ್ದು. ತುಂಬಾ ನೋವಿದ್ದರೆ ಮೆಡಿಕಲ್ ಶಾಪಲ್ಲಿ ಮರಗಟ್ಟಿಸೋ ಜೆಲ್ ಸಿಗುತ್ತೆ.

ಮಕ್ಕಳ ಹಲ್ಲಿನ ಡಾಕ್ಟ್ರು
ಮೇಲಿನ ಸಲಹೆಯಲ್ಲಿ ಮುಖ್ಯವಾಗಿ ಒಂದನ್ನು ದಯವಿಟ್ಟು ಮಾಡಬೇಡಿ. ಆ ಮರಗಟ್ಟಿಸುವ ಜೆಲ್. ಹಲ್ಲಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಎರಡು ಮೂರು ಗಂಟೆ ತುಟಿ ಮರಗಟ್ಟಿರುತ್ತೆ. ಆಗ ಏನೂ ತೊಂದರೆ ಇಲ್ಲದ ಮಕ್ಕಳೂ ತುಟಿ ಜಗಿದು ಹುಣ್ಣು ಮಾಡಿಕೊಂಡು ಬರುತ್ತಾರೆ. ಮೊದಲೇ ಕಚ್ಚುವ ಮಗುವಿಗೆ ತುಟಿ ಮರಗಟ್ಟಿಸಿದರೆ ಇನ್ನೂ ಆಳಕ್ಕೆ ಕಚ್ಚುತ್ತೆ. ಬೇವಿನೆಣ್ಣೆಯೂ ಬೇಡ, ತೆರೆದ ಗಾಯಕ್ಕೆ ಉರಿ ಯಾಕೆ? ಇದು ಹೆಬ್ಬೆರಳು ಚೀಪುವ ಅಭ್ಯಾಸ ಅಲ್ಲ.

ಈಗ ಮೇಡಂ ಪ್ರಶ್ನೆಗೆ ಬರುತ್ತೇನೆ. ಹಳದಿ ಪೊರೆ ಕಂಡ ತಕ್ಷಣ ಕೀವು ಅಂತಲ್ಲ. ಚರ್ಮದ ಮೇಲೆ ಒಣ ಹಕ್ಕಳೆ ಕಟ್ಟುವ ಹಾಗೆ, ಬಾಯಿಯ ಒದ್ದೆಯಲ್ಲಿ ಮಾಯುವ ಗಾಯದ ಮೇಲೆ ಬಿಳಿ ಅಥವಾ ತಿಳಿ ಹಳದಿ ಪೊರೆ ಬರುತ್ತೆ. ಅದನ್ನು ಉಜ್ಜಿ ತೆಗೆಯಬೇಡಿ. ಸೋಂಕು ಆಗಿದ್ದರೆ ಲಕ್ಷಣ ಬೇರೆ ಇರುತ್ತೆ. ಊತ ದಿನದಿಂದ ದಿನಕ್ಕೆ ಹೆಚ್ಚುತ್ತೆ. ಗಾಯದ ಸುತ್ತ ಕೆಂಪು ಹರಡುತ್ತೆ, ಮುಟ್ಟಿದರೆ ಬಿಸಿ. ವಾಸನೆ, ಜ್ವರ, ದವಡೆಯ ಕೆಳಗೆ ಗಂಟು ಇರಬಹುದು. ಗಾಯದಿಂದ ಕೀವು ಸುರಿಯಬಹುದು.

ನಾಲಿಗೆಯ ಕೆಳಗೆ ಅಥವಾ ಗದ್ದದ ಕೆಳಗೆ ಎರಡೂ ಕಡೆ ಗಟ್ಟಿ ಊತ ಬಂದು, ಜೊಲ್ಲು ನುಂಗಲಾಗದೆ, ಬಾಯಿ ತೆರೆಯಲಾಗದೆ, ಉಸಿರಾಟದಲ್ಲಿ ಶಬ್ದ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಲುಡ್ವಿಗ್ ಆಂಜೈನಾ ಅಂತಾರೆ, 1836ರಲ್ಲೇ ಜರ್ಮನ್ ವೈದ್ಯ ಲುಡ್ವಿಗ್ ಬರೆದಿಟ್ಟ ಕಾಯಿಲೆ. ಅದರಲ್ಲಿ ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಇದು ತುಟಿ ಗಾಯದಿಂದ ಬರೋದು ಕಡಿಮೆ. ಕೆಳದವಡೆಯ ಹುಳುಕು ಹಲ್ಲಿನ ಬೇರಿಂದ ಶುರುವಾಗೋದೇ ಜಾಸ್ತಿ.

ಅದಕ್ಕೇ ಕೇಳುತ್ತೇನೆ. ಕಚ್ಚೋದು ಐದು ವಾರದ ಹಿಂದೆ ಯಾಕೆ ಶುರುವಾಯಿತು? ಮೊದಲು ಇರಲಿಲ್ಲ ಅಲ್ವಾ? ಮಾತಿಲ್ಲದ ಮಗು ಹೊಸದಾಗಿ ತನ್ನನ್ನೇ ನೋಯಿಸಿಕೊಳ್ಳಲು ಶುರು ಮಾಡಿದರೆ, ಮೊದಲು ಬೇರೆಲ್ಲೋ ನೋವಿದೆ ಅಂತಲೇ ಇಟ್ಟುಕೊಂಡು ಹುಡುಕಬೇಕು. ಹಲ್ಲು, ಕಿವಿ, ಹೊಟ್ಟೆ ಉರಿ, ಮಲಬದ್ಧತೆ. "ಆಟಿಸಂ ಇದೆ, ಅದಕ್ಕೇ ಕಚ್ಚುತ್ತಾನೆ" ಅಂದುಬಿಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತೆ. ನಮ್ಮ ವೃತ್ತಿಯವರೇ ಹೀಗೆ ಮಾಡೋದು ನೋಡಿದರೆ ನನಗೂ ನಾಚಿಕೆ ಆಗುತ್ತೆ.

ರಾಜಾಜಿನಗರದ ಅಮ್ಮ
ಡಾಕ್ಟ್ರೇ, ನೀವು ಕೇಳಿದ ಮೇಲೆ ಹೊಳೀತು. ಸುಮಾರು ಆಗಲೇ ಚಪಾತಿ ಬಿಟ್ಟಿದ್ದ. ಬರೀ ಮೊಸರನ್ನ, ಗಂಜಿ. ಬೇಸಿಗೆ, ಬಾಯಿ ರುಚಿ ಇಲ್ಲ ಅಂದುಕೊಂಡೆ. ರಾತ್ರಿ ಎದ್ದು ಬಲಗೆನ್ನೆಯನ್ನು ಗೋಡೆಗೆ ಒತ್ತಿಕೊಂಡು ಕೂತಿರುತ್ತಾನೆ. ಆದರೆ ಬಾಯಿ ಹೇಗೆ ನೋಡಲಿ? ಬ್ರಷ್ ಕಂಡರೆ ಓಡುತ್ತಾನೆ. ಕೈಗೂ ಕಚ್ಚುತ್ತಾನೆ.

ಮಕ್ಕಳ ಹಲ್ಲಿನ ಡಾಕ್ಟ್ರು
ಗಟ್ಟಿ ತಿಂಡಿ ಬಿಟ್ಟಿದ್ದು, ಒಂದೇ ಕಡೆ ಒತ್ತಿಕೊಳ್ಳೋದು, ನಿದ್ದೆ ಕೆಟ್ಟಿದ್ದು. ಹಲ್ಲಿನ ಮೇಲೇ ನನಗೆ ಅನುಮಾನ.

ಎರಡು ಬ್ರಷ್ ತಗೊಳ್ಳಿ. ಅವನನ್ನು ನೆಲದ ಮೇಲೆ ಕೂರಿಸಿ, ನೀವು ಹಿಂದೆ ಸ್ಟೂಲ್ ಮೇಲೆ ಕೂತು ಅವನ ತಲೆಯನ್ನು ನಿಮ್ಮ ಮಡಿಲಿಗೆ ಒರಗಿಸಿಕೊಳ್ಳಿ. ಒಂದು ದಪ್ಪ ಹಿಡಿಯ ಬ್ರಷ್ಷನ್ನು ಎಡಗಡೆ ದವಡೆ ಹಲ್ಲಿನ ನಡುವೆ ಕಚ್ಚಲು ಕೊಡಿ. ಇನ್ನೊಂದರಿಂದ ಬಲಗೆನ್ನೆ ಸರಿಸಿ. ಮನೆಯವರು ಯಾರಾದರೂ ಫೋನ್ ಟಾರ್ಚ್ ಹಿಡಿಯಲಿ. ಹತ್ತು ಎಣಿಸುವಷ್ಟು ಹೊತ್ತು ಸಾಕು, ಎಣಿಸಿ ಮುಗಿದ ಕೂಡಲೇ ಬಿಟ್ಟುಬಿಡಿ. ಹಲ್ಲುಗಳ ನಡುವೆ ನಿಮ್ಮ ಬೆರಳು ಮಾತ್ರ ಹಾಕಬೇಡಿ. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಇದ್ದರೆ ಬೇರಿನ ತುದಿಯಲ್ಲಿ ಕೀವಾಗಿದೆ ಅಂತಲೇ.

ವಿಜಯನಗರದ ಅಕ್ಕ
ನನ್ನ ತಮ್ಮನಿಗೆ 26. ಸೆರೆಬ್ರಲ್ ಪಾಲ್ಸಿ, ಜೊತೆಗೆ ಬುದ್ಧಿಮಾಂದ್ಯ, ಫಿಟ್ಸ್. ಅವನು ಕಚ್ಚೋದು ತುಟಿ ಅಲ್ಲ, ಬಲಗೈ ತೋರುಬೆರಳಿನ ಗೆಣ್ಣು. ವರ್ಷಗಟ್ಟಲೆ ಕಚ್ಚಿ ಅಲ್ಲಿ ಚರ್ಮ ದಪ್ಪಗೆ, ಜಡ್ಡುಗಟ್ಟಿತ್ತು. "ಅವನ ಗೆಣ್ಣೇ ಹಂಗೆ" ಅಂತ ನಾವೂ ನೋಡೋದು ಬಿಟ್ಟಿದ್ದೆವು.

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಶನಿವಾರ ಅದು ಒಡೆಯಿತು. ಭಾನುವಾರ ಬೆರಳು ಬದನೆಕಾಯಿ ಆಗಿತ್ತು. ನಮ್ಮಪ್ಪ ಮನೆಯಲ್ಲಿ ಉಳಿದಿದ್ದ ಯಾವುದೋ ಆಂಟಿಬಯೋಟಿಕ್ ಕೊಟ್ಟರು. ಸೋಮವಾರ ಮುಂಗೈವರೆಗೆ ಕೆಂಪು ಏರಿತ್ತು. ಬೆರಳು ಮಡಚಲು ಬಿಡುತ್ತಿರಲಿಲ್ಲ, ಮೈ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ಆರು ದಿನ ಡ್ರಿಪ್ಪಲ್ಲಿ ಔಷಧ ಹೋಯಿತು. ಇನ್ನೊಂದು ದಿನ ತಡವಾಗಿದ್ದರೆ ಗೆಣ್ಣಿನ ಕೀಲು ಹೋಗುತ್ತಿತ್ತು ಅಂದರು. ಅವನು ಅಳಲೇ ಇಲ್ಲ, ಅದೇ ನಮ್ಮನ್ನು ಏಮಾರಿಸಿದ್ದು. ಅಳಲಿಲ್ಲ ಅಂದರೆ ನೋವಿಲ್ಲ ಅಂದುಕೊಂಡೆವು.

ಮಕ್ಕಳ ಹಲ್ಲಿನ ಡಾಕ್ಟ್ರು
ಅಕ್ಕ ಬರೆದದ್ದು ಬಹಳ ಮುಖ್ಯ. ಮನುಷ್ಯರ ಬಾಯಲ್ಲಿ ಐಕೆನೆಲ್ಲಾ ಕೊರೋಡೆನ್ಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತೆ. ಅದರ ಜೊತೆ ಸ್ಟ್ರೆಪ್ಟೋಕಾಕಸ್, ಗಾಳಿ ಇಲ್ಲದೆಯೂ ಬೆಳೆಯುವ ಬ್ಯಾಕ್ಟೀರಿಯಾ ಎಲ್ಲ ಸೇರಿ ಗಾಯಕ್ಕೆ ಇಳಿಯುತ್ತವೆ. ಮೆಟ್ರೋನಿಡಜೋಲ್, ಕ್ಲಿಂಡಮೈಸಿನ್‌ನಂಥ ಔಷಧಕ್ಕೆ ಐಕೆನೆಲ್ಲಾ ಬಗ್ಗುವುದಿಲ್ಲ. ಹಾಗಾಗಿ ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ಗೆಣ್ಣಿನಲ್ಲಿ ಚರ್ಮದ ಕೆಳಗೇ ಸ್ನಾಯುರಜ್ಜು, ಕೀಲು ಇರೋದರಿಂದ ಅಲ್ಲಿ ಸೋಂಕು ಬೇಗ ಇಳಿಯುತ್ತೆ. ತುಟಿಯಲ್ಲಿ ರಕ್ತ ಓಡಾಟ ಚೆನ್ನಾಗಿರುತ್ತೆ, ಅಷ್ಟು ಬೇಗ ಕೆಡುವುದಿಲ್ಲ.

ಕಚ್ಚಿ ಚರ್ಮ ಒಡೆದರೆ ಮೊದಲು ನಲ್ಲಿ ನೀರು, ಸೋಪು. ಐದು ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಧನುರ್ವಾಯು ಲಸಿಕೆ ಯಾವಾಗ ಆಗಿತ್ತು ನೋಡಿ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ) ಇದೆ, ಎಷ್ಟೋ ಮನೆಯಲ್ಲಿ ಅದು ತಪ್ಪಿಹೋಗಿರುತ್ತೆ.

ಇನ್ನೊಂದು ವಿಷಯ. ತಮ್ಮನಿಗೆ ಫಿಟ್ಸ್‌ಗೆ ಫೆನಿಟಾಯಿನ್ ನಡೀತಿದೆಯಾ? ಅದರಿಂದ ಕೆಲವರಿಗೆ ಒಸಡು ಊದಿ ಹಲ್ಲಿನ ಮೇಲೆ ಬೆಳೆಯುತ್ತೆ. ಆ ಸಂದಿಯಲ್ಲಿ ಕೊಳೆ ನಿಲ್ಲುತ್ತೆ. ಔಷಧ ನೀವೇ ನಿಲ್ಲಿಸಬೇಡಿ, ನರರೋಗದ ಡಾಕ್ಟರನ್ನು ಕೇಳಿ.

ವಿಜಯನಗರದ ಅಕ್ಕ
ಹೌದು ಡಾಕ್ಟ್ರೇ, ಅದೇ ಮಾತ್ರೆ. ಒಸಡು ನೋಡಿದರೆ ಹಲ್ಲು ಅರ್ಧ ಮುಚ್ಚಿದೆ. ಇದಕ್ಕೂ ಅದಕ್ಕೂ ಸಂಬಂಧ ಅಂತ ಯಾರೂ ಹೇಳಿರಲಿಲ್ಲ.

ಸ್ಪೆಷಲ್ ಸ್ಕೂಲ್ ಟೀಚರ್
20 ವರ್ಷದಿಂದ ಈ ಮಕ್ಕಳ ಜೊತೆ ಇದ್ದೇನೆ. ನನ್ನ ಎಡಗೈಯಲ್ಲಿ ಮೂರು ಕಚ್ಚಿದ ಗುರುತಿದೆ, ಒಂದೊಂದಕ್ಕೂ ಒಂದೊಂದು ಕಥೆ.

ನೋವು ಇಲ್ಲ ಅಂತ ಡಾಕ್ಟರ್ ಖಚಿತ ಮಾಡಿದ ಮೇಲೆ ಒಂದು ಡೈರಿ ಇಡಿ. ಕಚ್ಚುವ ಮುಂಚೆ ಏನಾಯ್ತು, ಆಮೇಲೆ ನೀವೇನು ಮಾಡಿದಿರಿ. ಎರಡು ವಾರ ಬರೆದರೆ ಸಾಕು. ನಮ್ಮ ಶಾಲೆಯ ಹುಡುಗಿಯೊಬ್ಬಳು ಊಟದ ಹಾಲ್‌ನಲ್ಲಿ ಮಾತ್ರ ಕೈ ಕಚ್ಚುತ್ತಿದ್ದಳು. ಡೈರಿ ನೋಡಿದರೆ ಎಲ್ಲವೂ ಸ್ಟೀಲ್ ತಟ್ಟೆ ಜೋಡಿಸುವ ಹೊತ್ತು. ಆ ಸದ್ದು ತಡೆಯಲಾಗುತ್ತಿರಲಿಲ್ಲ. ಅವಳನ್ನು ಹತ್ತು ನಿಮಿಷ ಮೊದಲೇ ಊಟ ಮಾಡಿಸಿ ಕಳಿಸಿದೆವು, ಮುಗೀತು. ಎಲ್ಲ ಮಕ್ಕಳಲ್ಲೂ ಇಷ್ಟು ಸುಲಭಕ್ಕೆ ಮುಗಿಯಲ್ಲ, ಗೊತ್ತು.

ಜಗಿಯೋದೇ ಬೇಕಾದ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ) ಕೇಳಿ ಚ್ಯೂ ಟ್ಯೂಬ್, ಅಂದರೆ ಜಗಿಯಲೆಂದೇ ಮಾಡಿದ ಮೆತ್ತನೆಯ ಕೊಳವೆ ಕೊಡಿ. ದಿನಾ ತೊಳೆಯಿರಿ, ಬಿರುಕು ಬಿಟ್ಟರೆ ಎಸೆಯಿರಿ. ಹೊಡೆಯಬೇಡಿ, ಕಿರುಚಬೇಡಿ. ಕಿರುಚಿದರೆ ಕೆಲವು ಮಕ್ಕಳಿಗೆ ಅದೇ ಆಟವಾಗುತ್ತೆ.

ಯಲಹಂಕದ ಅಪ್ಪ
ನಮ್ಮದು ಬೇರೆ ಥರ. ಓದಿ ಹೆದರಬೇಡಿ, ಬಹಳ ಅಪರೂಪ. ನನ್ನ ಮಗನಿಗೆ ಲೆಷ್ ನೈಹಾನ್ ಸಿಂಡ್ರೋಮ್. 3,80,000 ಹುಟ್ಟಿಗೆ ಒಂದು ಅಂತಾರೆ. ಲೆಷ್, ನೈಹಾನ್ ಅನ್ನುವ ಇಬ್ಬರು 1964ರಲ್ಲಿ ಬರೆದದ್ದು. ಎಕ್ಸ್ ಕ್ರೋಮೋಸೋಮ್‌ನಲ್ಲಿರುವ ಒಂದು ಜೀನ್ ಕೆಟ್ಟಿರುತ್ತೆ, ಹೆಚ್ಚುಕಮ್ಮಿ ಗಂಡುಮಕ್ಕಳಿಗೇ ಬರೋದು. ಯೂರಿಕ್ ಆಸಿಡ್ ಮೈಯಲ್ಲಿ ತುಂಬಿಕೊಳ್ಳುತ್ತೆ. ಕೂಸಾಗಿದ್ದಾಗ ಡೈಪರ್‌ನಲ್ಲಿ ಕಿತ್ತಳೆ ಬಣ್ಣದ ಮರಳಿನಂಥ ಪುಡಿ ಇರುತ್ತಿತ್ತು. ಏನೋ ಬಿಸಿಲಿಗೆ ಅಂದುಕೊಂಡೆವು.

ಹಲ್ಲು ಬಂದ ಮೇಲೆ ಶುರು. ಕೆಳತುಟಿ, ಬೆರಳ ತುದಿ. ಅಲೋಪ್ಯೂರಿನಾಲ್ ಕೊಟ್ಟರೆ ಯೂರಿಕ್ ಆಸಿಡ್ ಇಳಿಯುತ್ತೆ, ಕಿಡ್ನಿ ಉಳಿಯುತ್ತೆ. ಕಚ್ಚೋದು ನಿಲ್ಲಲ್ಲ. ಅವನಿಗೆ ನೋವಾಗುತ್ತೆ, ಅಳುತ್ತಾನೆ. ಬೇಡ ಅಂತಲೂ ಅವನಿಗೇ ಗೊತ್ತು. ಆದರೂ ಕೈ ಬಾಯಿಗೆ ಹೋಗುತ್ತೆ. "ಅಪ್ಪಾ, ಕಟ್ಟು" ಅಂತಾನೆ. ಮೊಣಕೈಗೆ ಗೈಟರ್, ಅಂದರೆ ಕೈ ಮಡಚದಂತೆ ತಡೆಯುವ ಪಟ್ಟಿ ಹಾಕಿದ ಮೇಲೆ ನಗುತ್ತಾನೆ. ಕ್ರಿಕೆಟ್ ನೋಡ್ತಾನೆ. ಬಿಚ್ಚಿದರೆ ಗಾಬರಿ. ಮದುವೆ ಮನೆಯಲ್ಲಿ ಜನ ನಮ್ಮನ್ನು ರಾಕ್ಷಸರ ಥರ ನೋಡುತ್ತಾರೆ, ಮಗನ ಕೈ ಕಟ್ಟಿದ್ದಾರೆ ಅಂತ. ಬಿಚ್ಚಿ ಅಂತ ಅವನಿಗೇ ಹೇಳಿ ನೋಡಿ, ಅವನೇ ಬೈತಾನೆ.

ಮಾಗಡಿ ರೋಡ್ ಹುಡುಗ
ಸರ್, ಕೇಳಬಾರದೇನೋ. ಮುಂದಿನ ಹಲ್ಲು ತೆಗೆಸಿಬಿಟ್ಟರೆ ಎಲ್ಲ ಸರಿ ಹೋಗಲ್ವಾ?

ಯಲಹಂಕದ ಅಪ್ಪ
ಕೇಳಬಹುದು. ಮುಂದಿನ ಕೆಳಹಲ್ಲು ತೆಗೆಸಿದ್ದೇವೆ. ಎರಡು ವರ್ಷ ಮನಸ್ಸೊಪ್ಪಲಿಲ್ಲ. ತುಟಿಯ ಅರ್ಧ ಹೋದ ಮೇಲೆ ಒಪ್ಪಿಕೊಂಡೆವು. ನಮ್ಮ ಕಾಯಿಲೆಗೆ ಅದು ಸರಿ ಇರಬಹುದು. ಈ ಮೇಡಂ ಮಗನಿಗೆ ಯಾರೂ ಹಾಗೆ ಹೇಳಬೇಡಿ.

ಮಕ್ಕಳ ಹಲ್ಲಿನ ಡಾಕ್ಟ್ರು
ಸರ್ ಹೇಳಿದ್ದು ಸರಿ. ಹಲ್ಲು ಕೀಳೋದು ಕೊನೆಯದು. ಅದಕ್ಕೂ ಮೊದಲು ಮಾಡಬಹುದಾದದ್ದು ಎಷ್ಟೋ ಇದೆ. ಚೂಪಾದ ಹಲ್ಲಿನ ಅಂಚು ನುಣುಪು ಮಾಡೋದು. ಅಚ್ಚು ತೆಗೆದು ಮೆತ್ತನೆಯ ಹಲ್ಲು ಕವಚ ಮಾಡಿಸೋದು. ತುಟಿಯನ್ನು ಹಲ್ಲಿನಿಂದ ದೂರ ತಳ್ಳುವ ಲಿಪ್ ಬಂಪರ್ ಇದೆ. ಕವಚ ಇಡೀ ಹಲ್ಲಿನ ಸಾಲಿಗೆ ಕೂರುವಷ್ಟು ದೊಡ್ಡದಿರಬೇಕು. ಸಣ್ಣದಾದರೆ ನುಂಗುವ ಅಪಾಯ. ಫಿಟ್ಸ್ ಇದ್ದವರಿಗೆ ತೆಗೆದು ಮತ್ತೆ ಹಾಕಬಹುದಾದ ಕವಚ ಕೊಡಲು ನಾನು ಹಿಂದೇಟು ಹಾಕುತ್ತೇನೆ.

ತನ್ನನ್ನೇ ಕಚ್ಚಿಕೊಳ್ಳುವ ಇನ್ನೊಂದು ಗುಂಪೂ ಇದೆ. ಹುಟ್ಟಿನಿಂದಲೇ ನೋವು ಗೊತ್ತಾಗದ ಮಕ್ಕಳು. ಹಲ್ಲು ಹುಟ್ಟುತ್ತಿದ್ದಂತೆ ನಾಲಿಗೆ ತುದಿ ಕಚ್ಚಿಕೊಳ್ಳುತ್ತಾರೆ. ಕೆಲವರಿಗೆ ಬೆವರೂ ಬರಲ್ಲ, ಕಾರಣವಿಲ್ಲದೆ ಜ್ವರ ಏರುತ್ತೆ. ಅಂಥದ್ದು ಕಂಡರೆ ಜೆನೆಟಿಕ್ಸ್ ವಿಭಾಗಕ್ಕೆ ತೋರಿಸಿ.

ಹನುಮಂತನಗರ ನಿವಾಸಿ
ಮಗಳಿಗೆ ಡೌನ್ ಸಿಂಡ್ರೋಮ್, ಕೆನ್ನೆ ಒಳಗೆ ಜಗಿಯುತ್ತಾಳೆ. ಹೃದಯದಲ್ಲಿ ತೂತಿತ್ತು, ಆಪರೇಷನ್ ಆಗಿ ನಾಲ್ಕು ತಿಂಗಳು. ಬಾಯಿ ಗಾಯದಿಂದ ಹೃದಯಕ್ಕೆ ಸೋಂಕು ಹೋಗುತ್ತೆ ಅಂತಾರಲ್ಲ, ನಿಜವಾ?

ಮಕ್ಕಳ ಹಲ್ಲಿನ ಡಾಕ್ಟ್ರು
ಹೋಗಬಹುದು. ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಹೃದಯದ ಒಳಪದರಕ್ಕೆ ಅಂಟಿಕೊಂಡರೆ ಎಂಡೋಕಾರ್ಡೈಟಿಸ್. ಎಲ್ಲ ಹೃದಯ ತೊಂದರೆಗೂ ಮುಂಜಾಗ್ರತೆ ಆಂಟಿಬಯೋಟಿಕ್ ಬೇಡ. ಕೃತಕ ಕವಾಟ, ಹಿಂದೊಮ್ಮೆ ಎಂಡೋಕಾರ್ಡೈಟಿಸ್ ಆದವರು, ಮೈ ನೀಲಿಗಟ್ಟುವಂಥ ಸರಿಪಡಿಸದ ಹೃದಯ ದೋಷ, ಮತ್ತು ಪ್ಯಾಚ್ ಅಥವಾ ಸಾಧನ ಹಾಕಿ ಮುಚ್ಚಿದ ಮೊದಲ ಆರು ತಿಂಗಳು. ಇಂಥವರಿಗೆ ರಕ್ತ ಬರುವಂಥ ಹಲ್ಲಿನ ಕೆಲಸಕ್ಕೆ ಮುಂಚೆ ಒಂದು ಡೋಸ್ ಕೊಡುತ್ತೇವೆ. ನಿಮ್ಮ ಮಗಳು ಆ ಆರು ತಿಂಗಳೊಳಗೇ ಇದ್ದಾಳೆ. ಹೃದಯದ ಡಾಕ್ಟರ ಪತ್ರ ತೆಗೆದುಕೊಂಡೇ ಹಲ್ಲಿಗೆ ಹೋಗಿ. ದಿನಾ ಚೆನ್ನಾಗಿ ಹಲ್ಲುಜ್ಜೋದು ಅದಕ್ಕಿಂತ ದೊಡ್ಡ ರಕ್ಷಣೆ.

ಚಾಮರಾಜಪೇಟೆ ಮಾವ
ದುಡ್ಡಿನ ವಿಷಯ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕ ಸರ್ಕಾರಿ ದಂತ ಕಾಲೇಜಿದೆ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದರೆ ನಡೆದು ಹೋಗಬಹುದು. ಬೆಳಿಗ್ಗೆ ಬೇಗ ಹೋಗಿ, ಮಾರ್ಕೆಟ್ ಗಲಾಟೆ ಶುರುವಾದರೆ ಆಟಿಸಂ ಮಕ್ಕಳಿಗೆ ಕಷ್ಟ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೈಯಲ್ಲಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಚಿಕಿತ್ಸೆಗೆ ಆದ್ಯತೆ ಕೊಡಬೇಕು ಅಂತ ಇದೆ. ಕ್ಯೂನಲ್ಲಿ ಜಗಳ ಮಾಡದೆ, ಕಾರ್ಡ್ ತೋರಿಸಿ ಮೆತ್ತಗೆ ಕೇಳಿ.

ನಿರಾಮಯ ವಿಮೆ ಮಾಡಿಸಿದ್ದೀರಾ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇದ್ದವರಿಗೆ 1 ಲಕ್ಷ ರೂಪಾಯಿವರೆಗೆ. ಬಿಲ್ಲೆಲ್ಲ ಜೋಪಾನ.

ರಾಜಾಜಿನಗರದ ಅಮ್ಮ
ಮೂರು ವಾರ ಬರೆಯಲಾಗಲಿಲ್ಲ. ಏನಾಯ್ತು ಹೇಳುತ್ತೇನೆ.

ಎರಡು ಬ್ರಷ್ ಉಪಾಯ ಮೊದಲ ದಿನ ಆಗಲಿಲ್ಲ, ಮೂರನೇ ದಿನ ಆಯ್ತು. ಬಲಗಡೆ ಕೆಳಗಿನ ದೊಡ್ಡ ದವಡೆ ಹಲ್ಲು ಕಪ್ಪು ಗುಂಡಿ. ಪಕ್ಕದ ಒಸಡಿನ ಮೇಲೆ ಡಾಕ್ಟ್ರು ಹೇಳಿದ ಹಾಗೇ ಗುಳ್ಳೆ. ನಮ್ಮೆಜಮಾನರು ಟಾರ್ಚ್ ಹಿಡಿದವರು ಹಾಗೇ ಕೂತುಬಿಟ್ಟರು. ಆರು ವರ್ಷಕ್ಕೆ ಬಂದ ಶಾಶ್ವತ ಹಲ್ಲಂತೆ ಅದು. ವರ್ಷಗಟ್ಟಲೆ ರಾತ್ರಿ ಮಲಗೋ ಮುಂಚೆ ಸಿಹಿ ಸಿರಪ್ ಕೊಟ್ಟು ಹಾಗೇ ಮಲಗಿಸಿದ್ದು ನಾನೇ.

ಎಚ್ಚರದಲ್ಲಿ ಮಾಡಲಾಗಲ್ಲ ಅಂತ ಅನಸ್ತೇಷಿಯಾ ಕೊಟ್ಟು ಮಾಡಿದರು. ಆಸ್ಪತ್ರೆ ಹೆಸರು ಬೇಡ. ಊಟ ಆರು ಗಂಟೆ ಮುಂಚೆ, ನೀರು ಎರಡು ಗಂಟೆ ಮುಂಚೆ ನಿಲ್ಲಿಸಿ ಅಂದರು. ನಾವು ಬೆಳಿಗ್ಗೆ ಏಳಕ್ಕೆ ಹಾಜರ್. ನಮ್ಮ ಸರದಿ ಬಂದಿದ್ದು ಮಧ್ಯಾಹ್ನ ಒಂದಕ್ಕೆ. ರಾತ್ರಿಯಿಂದ ಹಸಿದ ಮಗು ಕಾರಿಡಾರ್ ಪೂರ್ತಿ ಉರುಳಾಡಿದ. ತುಟಿ ಮತ್ತೆ ಹರೀತು. ಇಂಥ ಮಕ್ಕಳನ್ನು ಮೊದಲ ಕೇಸಾಗಿ ತಗೊಳ್ಳಿ ಅಂತ ಬರೆಸಿಕೊಂಡೇ ಡೇಟ್ ತೆಗೆದುಕೊಳ್ಳಿ. ನನಗೆ ಗೊತ್ತಿರಲಿಲ್ಲ.

ಆ ಹಲ್ಲು ಉಳಿಯಲಿಲ್ಲ, ತೆಗೆದರು. ಇನ್ನೆರಡು ಸಣ್ಣ ಹುಳುಕಿಗೆ ಎಸ್‌ಡಿಎಫ್ ಅಂತ ಒಂದು ದ್ರವ ಹಚ್ಚಿದರು. ಹುಳುಕು ಅಲ್ಲಿಗೇ ನಿಲ್ಲುತ್ತೆ, ಆದರೆ ಜಾಗ ಕಪ್ಪಾಗುತ್ತೆ. ಆಗಲಿ ಬಿಡಿ. ಕವಚಕ್ಕೆ ಅಚ್ಚೂ ಅದೇ ಮಂಪರಿನಲ್ಲಿ ತೆಗೆದರು.

ನಾಲ್ಕನೇ ದಿನ ಚಪಾತಿ ತಿಂದ. ಗೋಡೆಗೆ ಒತ್ತಿಕೊಳ್ಳೋದು ನಿಂತಿದೆ. ತುಟಿ ಕಚ್ಚೋದು ಪೂರ್ತಿ ಹೋಗಿಲ್ಲ, ದಿನಕ್ಕೆ ಒಂದೆರಡು ಸಲ, ಅದೂ ಸಂಜೆ ಪಕ್ಕದ ಮನೆ ಮಿಕ್ಸಿ ಶುರುವಾದಾಗ. ಟೀಚರ್ ಹೇಳಿದ ಡೈರಿ ನಡೀತಿದೆ.

ಸ್ಪೆಷಲ್ ಸ್ಕೂಲ್ ಟೀಚರ್
ಮಿಕ್ಸಿ! ಪಕ್ಕದ ಮನೆಯವರನ್ನು ಕೇಳಿ, ರುಬ್ಬೋ ಮುಂಚೆ ಒಂದು ಮಿಸ್ಡ್ ಕಾಲ್ ಕೊಡ್ತಾರಾ ಅಂತ. ಆ ಹೊತ್ತಿಗೆ ಅವನನ್ನ ಟೆರೇಸ್‌ಗೆ ಕರೆದುಕೊಂಡು ಹೋಗಿ.

ಹನುಮಂತನಗರ ನಿವಾಸಿ
ಕವಚ ಹಾಕಿಸಿಕೊಳ್ತಾನಾ? ನಮ್ಮವಳಾದರೆ ಕಿಟಕಿಯಿಂದ ಎಸೀತಾಳೆ.

ರಾಜಾಜಿನಗರದ ಅಮ್ಮ
ಇವನೂ ಎಸೀತಾನೆ. ಮೊನ್ನೆ ಅಕ್ಕಿ ಡಬ್ಬದಲ್ಲಿ ಸಿಕ್ತು. ಮಲಗಿದ ಮೇಲೆ ಹಾಕಿದರೆ ಎರಡು ಗಂಟೆ ಇರುತ್ತೆ. ದಿನಾ ಕುದಿಯೋ ನೀರಲ್ಲಿ ಅದ್ದಿ ತೊಳೀತಿದ್ದೇನೆ.

ಮಕ್ಕಳ ಹಲ್ಲಿನ ಡಾಕ್ಟ್ರು
ಅಯ್ಯೋ, ಕುದಿಯೋ ನೀರು ಬೇಡ ಮೇಡಂ! ಸೊಟ್ಟಗಾಗುತ್ತೆ. ತಣ್ಣೀರು, ಮೆತ್ತನೆ ಬ್ರಷ್, ಚೂರು ಸೋಪು.

ರಾಜಾಜಿನಗರದ ಅಮ್ಮ
ಓ, ಅದಕ್ಕೇ ನಿನ್ನೆಯಿಂದ ಸರಿ ಕೂರ್ತಿಲ್ಲ. ನಾನು ಅವನ ಹಠ ಅಂದುಕೊಂಡಿದ್ದೆ.